ಇಪ್ಪತ್ಮೂರೂ ಸೌಖ್ಯ

ಬ್ರಹ್ಮಾವರ
ಜೂನ್ 2, 2024, ಭಾನುವಾರ

ಪದ್ದಕ್ಕನಿಗೆ ದೇವುವಿನ ನಮಸ್ಕಾರ.

ನಿನ್ನೆ ನೀನು ಗೇಟಿನ ಹೊರಗೆ ನಿಂತದ್ದನ್ನು ಒಳಗಿನ ಕಿಟಕಿಯಿಂದ ನೋಡುತ್ತಿದ್ದೆ. ಬಸ್ಸು ಬಂದರೂ ಹತ್ತಲಿಲ್ಲ, ಎರಡನೆಯದಕ್ಕೆ ಹೋದೆ. ನಾನು ಓಡಿ ಬರುತ್ತೇನೆ ಎಂದುಕೊಂಡೆಯೋ ಏನೋ.

ಇಲ್ಲಿ ಮೊದಲ ದಿನವೇ ಮೊಬೈಲು ತೆಗೆದಿಟ್ಟುಕೊಂಡರು. ಕುಡಿತ ಬಿಡಿಸಲು ಮೂರು ತಿಂಗಳು ಬೇಕಂತೆ, ಮೂರು ತಿಂಗಳೂ ಫೋನಿಲ್ಲ. ಭಾನುವಾರ ಒಂದು ಕಾಗದ ಬರೆಯಬಹುದು. ಕೋಣೆಯಲ್ಲಿ ನನ್ನ ಜೊತೆ ಹೆಮ್ಮಾಡಿಯ ಗುಡ್ಡ ಎಂಬವ ಇದ್ದಾನೆ. ಪಾಪದವ, ಹಗಲಿಡೀ ಗೋಡೆ ನೋಡುತ್ತಾನೆ.

ಗಾಜಿನ ತೊಟ್ಟಿಯಲ್ಲಿ ನಾನು ಸಾಕಿದ ಸಿಗಡಿಗಳ ವಿಷಯ ಬರೆಯುತ್ತೇನೆ, ನಗಬೇಡ. ದಿನಕ್ಕೊಮ್ಮೆ, ಚಿಟಿಕೆಯಷ್ಟೇ ತಿಂಡಿ. ವಾರಕ್ಕೊಮ್ಮೆ ಬೇಯಿಸಿದ ಬಸಳೆಯ ಒಂದು ಎಲೆ. ಒಣಗಿದ ಬಾದಾಮಿ ಎಲೆ ತೊಟ್ಟಿಯೊಳಗೆ ಇರಲಿ, ಕಸವೆಂದು ಎತ್ತಬೇಡ. ನೀರು ಇಳಿದಷ್ಟು ತುಂಬಿಸಬೇಕು. ಬಾವಿಯಿಂದ ಸೇದಿದ್ದನ್ನು ನೇರ ಸುರಿಯಬಾರದು, ಒಂದು ದಿನ ನಿಂತ ನೀರಾಗಬೇಕು.

ಅಕ್ಕ, ಚೌತಿಗೆ ಶ್ರಾವ್ಯ ಬೈಂದೂರಿನಿಂದ ಬರುತ್ತಾಳೆ. ಮಗಳನ್ನು ಕಳಿಸಲು ಪ್ರಫುಲ್ಲಾ ಒಪ್ಪಿದ್ದು ಇದೊಂದಕ್ಕೆ, ಅವಳ ಸಿಗಡಿ ಅವಳು ನೋಡಬೇಕೆಂದು. ಏಪ್ರಿಲ್ ರಜೆಯಲ್ಲಿ ಒಂದು ದಿನ ಬಂದಾಗ, ಬೆನ್ನ ಮೇಲೆ ತಲೆಯಿಂದ ಬಾಲದವರೆಗೆ ಬಿಳಿ ಗೆರೆ ಇರುವ ದೊಡ್ಡದಕ್ಕೆ 'ಗೆರೆಯಜ್ಜಿ' ಎಂದು ಹೆಸರಿಟ್ಟಿದ್ದಾಳೆ. ಅವಳು ಬಂದಾಗ ಅವು ಇರಬೇಕು. ನಾನು ಬೇರೆ ಏನನ್ನೂ ಉಳಿಸಿಕೊಂಡವನಲ್ಲ. ಒಟ್ಟು ಇಪ್ಪತ್ಮೂರು ಇವೆ.

ನಿನ್ನ ತಮ್ಮ
ದೇವು

*

ಗಂಗೊಳ್ಳಿ
ಜೂನ್ 9, 2024

ದೇವುಗೆ ಅಕ್ಕನ ಆಶೀರ್ವಾದ.

ಕಾಗದ ಬರೆಯದೆ ಎಷ್ಟು ಕಾಲವಾಯಿತೋ! ಏಳನೇ ಕ್ಲಾಸಿನಲ್ಲಿ 'ರಜೆ ಕೋರಿ ಪತ್ರ' ಬರೆದದ್ದೇ ಕೊನೆ. ಅದಕ್ಕೇ ಪುಸ್ತಕದ ಭಾಷೆಯಲ್ಲಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ಕೆಂಪು ಶಾಯಿ ಹಾಕಬೇಡ.

ಮೀನುಗಾರಿಕೆಗೆ ರಜೆ ಶುರುವಾಗಿ ಬಂದರು ಸ್ಮಶಾನದ ಹಾಗಿದೆ. ಬೋಟುಗಳೆಲ್ಲ ಟಾರ್ಪಾಲು ಹೊದ್ದು ಮಲಗಿವೆ. ಸಿಗಡಿ ಬಿಡಿಸುವ ನಮ್ಮ ಶೆಡ್ಡಿಗೂ ಎರಡು ತಿಂಗಳು ಬೀಗ. ಐಸ್ ಪ್ಲಾಂಟಿನ ಸದ್ದೂ ಇಲ್ಲ. ಮನೆಯಲ್ಲಿ ನಾನು ಮತ್ತು ನಿನ್ನ ಇಪ್ಪತ್ಮೂರು ಮಂದಿ. ಊಟದ ಬಟ್ಟಲು ಹಿಡಿದು ತೊಟ್ಟಿಯ ಎದುರೇ ಕೂರುತ್ತೇನೆ. ಮೊನ್ನೆ ಮೀನು ಹುರಿದದ್ದು ತಿನ್ನುತ್ತಾ, ಇವರ ಮುಂದೆ ತಿನ್ನುವುದು ಸರಿಯಲ್ಲ ಅನ್ನಿಸಿ ಆಚೆ ತಿರುಗಿ ಕೂತೆ. ನನ್ನ ಮರುಳು ನೋಡು.

ಪಕ್ಕದ ಮನೆಯ ರತ್ನ ಬಂದು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಹ್ವಾಯ್ ಪದ್ದಕ್ಕ, ಜೀವಮಾನ ಇಡೀ ಚಟ್ಲಿ ಕುತ್ಗಿ ಮುರ್ದವ್ಳ್, ಈಗ ಚಟ್ಲಿಗೆ ಬಾಣಂತನ ಮಾಡ್ತ್ಯಾ?" ಎಂದಳು. ಹೌದಲ್ಲ ಮಾರಾಯ. ಮೂವತ್ತು ವರ್ಷದಲ್ಲಿ ಎಷ್ಟು ಲಕ್ಷ ಸಿಗಡಿಯ ತಲೆ ಕಿತ್ತಿದ್ದೇನೋ. ಒಂದರ ಮುಖವನ್ನೂ ನೋಡಿದವಳಲ್ಲ. ಈಗ ನೋಡಿದರೆ ಅವು ಕೈಯಲ್ಲಿ ಮುಖ ಒರೆಸಿಕೊಳ್ಳುತ್ತವೆ.

ಹೊತ್ತು ಹೋಗಬೇಕಲ್ಲ, ಅಟ್ಟದಿಂದ ಅಮ್ಮನ ತಾಮ್ರದ ಕೊಡಪಾನ ಇಳಿಸಿ ಹುಣಸೆಹುಳಿ ಹಾಕಿ ತಿಕ್ಕಿದೆ. ಈಗ ಮುಖ ಕಾಣುತ್ತದೆ. ಜ್ವರ ಬಂದವರಿಗೆಲ್ಲ ಅಮ್ಮ ಅದರ ನೀರೇ ಕೊಡುತ್ತಿದ್ದದ್ದು ನಿನಗೆ ನೆನಪಿದೆಯಾ?

ನಿನ್ನ ಸಿಗಡಿಗಳಿಗೆ ಯಾವ ಕೊರತೆಯೂ ಇಲ್ಲ. ಒಳ್ಳೆಯ ನೀರೇ ಹಾಕುತ್ತಿದ್ದೇನೆ. ಇಪ್ಪತ್ಮೂರೂ ಸೌಖ್ಯ.

ಪದ್ದಕ್ಕ

*

ಗಂಗೊಳ್ಳಿ
ಜೂನ್ 23, 2024

ದೇವು,

ಹೋದ ವಾರ ನಿನ್ನ ಕಾಗದ ಇರಲಿಲ್ಲ. ಮೈ ಹುಷಾರಿಲ್ಲವೋ, ಬೇಜಾರೋ? ಎರಡು ಗೆರೆ ಬರೆದರೂ ಸಾಕು.

ಇಲ್ಲಿ ಎಲ್ಲ ಸರಿಯಿದೆ. ಇಪ್ಪತ್ಮೂರೂ ಸೌಖ್ಯ. ಇವತ್ತು ಬೆಳಿಗ್ಗೆ ಎಣಿಸಿದೆ.

ಸುಮ್ಮನೆ ಒಂದು ಮಾತು ಕೇಳುತ್ತೇನೆ, ನೀನು ಗಾಬರಿಯಾಗಬಾರದು. ಒಂದು ವೇಳೆ ಸಿಗಡಿಗೆ ಕಾಯಿಲೆ ಬಂದರೆ ತಿಳಿಯುವುದು ಹೇಗೆ? ಒಂದು ವೇಳೆ ಅಂದೆ, ಅಷ್ಟೇ. ಒಂದು ಅಡ್ಡ ಬಿದ್ದು ಕಾಲು ಮಾತ್ರ ಆಡಿಸುತ್ತಿದೆ ಅಂತಿಟ್ಟುಕೋ. ಇನ್ನೊಂದು ತಿಂಡಿ ಹಾಕಿದರೂ ಬರುವುದಿಲ್ಲ, ಮೂಲೆ ಹಿಡಿದು ಕೂತಿದೆ. ತೊಟ್ಟಿಯ ಅಡಿಯಲ್ಲಿ ಒಂದು ಖಾಲಿ ಸಿಪ್ಪೆ. ಇಂಥದ್ದಕ್ಕೆ ಏನು ಮದ್ದು? ತಿಳಿದಿದ್ದರೆ ಒಳ್ಳೆಯದು ಅಂತ ಕೇಳಿದೆ, ಬೇರೇನಿಲ್ಲ.

ಮಳೆ ಜೋರು. ದಿನಕ್ಕೆ ಹತ್ತು ಸಲ ಕರೆಂಟು ಹೋಗುತ್ತದೆ. ಗಾಳಿಯ ಮೋಟಾರು ನಿಂತಾಗ ತೊಟ್ಟಿಯ ಗುಳುಗುಳು ಸದ್ದು ನಿಲ್ಲುತ್ತದೆ, ಆಗ ಮನೆ ಎಷ್ಟು ಖಾಲಿ ಎಂದು ಗೊತ್ತಾಗುತ್ತದೆ.

ಪದ್ದಕ್ಕ

*

ಬ್ರಹ್ಮಾವರ
ಜೂನ್ 30, 2024

ಅಕ್ಕ,

ನೀನು ಸುಮ್ಮನೆ ಕೇಳಿದ್ದಕ್ಕೆ ನಾನೂ ಸುಮ್ಮನೆ ಹೇಳುತ್ತೇನೆ.

ಖಾಲಿ ಸಿಪ್ಪೆ ಕಂಡರೆ ಮೊದಲು ಎತ್ತಿ ಬೆಳಕಿಗೆ ಹಿಡಿದು ನೋಡು. ಗಾಜಿನ ಹಾಗೆ ತೆಳ್ಳಗಿದ್ದು ಒಳಗೆ ಮಾಂಸ ಇಲ್ಲದಿದ್ದರೆ ಅದು ಸಾವಲ್ಲ, ಪೊರೆ ಕಳಚಿದ್ದು. ಹಾವಿನ ಹಾಗೆ ಇವೂ ಅಂಗಿ ಬದಲಿಸುತ್ತವೆ. ಆ ಸಿಪ್ಪೆ ಎಸೆಯಬೇಡ, ಅದನ್ನೇ ತಿಂದು ಹೊಸ ಸಿಪ್ಪೆ ಗಟ್ಟಿ ಮಾಡಿಕೊಳ್ಳುತ್ತವೆ. ಪೊರೆ ಬಿಟ್ಟದ್ದು ಎರಡು ಮೂರು ದಿನ ಪಾಚಿಯೊಳಗೆ ಅಡಗಿರುತ್ತದೆ, ಮೈ ಮೆತ್ತಗಲ್ಲವೇ, ಹೆದರಿಕೆ. ಕುತ್ತಿಗೆಯ ಸುತ್ತ ಬಿಳಿ ಉಂಗುರ ಬಿದ್ದಿದ್ದರೆ ಮಾತ್ರ ಪೊರೆ ಅರ್ಧಕ್ಕೆ ಸಿಕ್ಕಿಕೊಂಡಿದೆ ಎಂದು ಅರ್ಥ. ಅದಕ್ಕೆ ನಾವು ಮಾಡುವಂಥದ್ದು ಹೆಚ್ಚೇನಿಲ್ಲ.

ಇನ್ನು ಮೈಯೊಳಗಿನ ಮಾಂಸ ಹಾಲಿನ ಹಾಗೆ ಬೆಳ್ಳಗಾದರೆ ಕಾಯಿಲೆ. ತಾಜಾ ಯಾವುದು, ಕೆಟ್ಟದ್ದು ಯಾವುದು ಎಂದು ನಿನಗೆ ನಾನು ಕಲಿಸಬೇಕೇ? ಶೆಡ್ಡಿನಲ್ಲಿ ನೀನು ಬೇರೆ ಹಾಕುವಂಥದ್ದನ್ನೇ ಇಲ್ಲೂ ಬೇರೆ ಬಟ್ಟಲಿಗೆ ಹಾಕು.

ಆದರೆ ಒಂದಲ್ಲ, ಒಟ್ಟಿಗೆ ಮೂರು ನಾಲ್ಕು ಮಂಕಾದರೆ ಅದು ಕಾಯಿಲೆಯಲ್ಲ, ನೀರು. ನೀರಿಗೆ ಏನೋ ಸೇರಿದೆ. ಸೊಳ್ಳೆಬತ್ತಿಯೋ, ಸಾಬೂನಿನ ಕೈಯೋ, ಜಿರಲೆ ಮದ್ದೋ. ಎಲ್ಲಕ್ಕಿಂತ ಕೆಟ್ಟದ್ದು ತಾಮ್ರ. ಮನುಷ್ಯರಿಗೆ ಒಳ್ಳೆಯದು, ಸಿಗಡಿಗೆ ಅದೇ ವಿಷ, ಕಣ್ಣಿಗೆ ಕಾಣದಷ್ಟು ಸಾಕು. ಮೀನಿನ ಕೆಲವು ಔಷಧಿಯಲ್ಲೂ ಇರುತ್ತದೆ, ಅಂಗಡಿಯವ ಕೊಟ್ಟರೂ ಹಾಕಬೇಡ. ಹಾಗೇನಾದರೂ ಆದರೆ ಮದ್ದು ಹುಡುಕುತ್ತಾ ಕೂರದೆ, ದಿನಕ್ಕೆ ಸ್ವಲ್ಪ ಸ್ವಲ್ಪವೇ ನೀರು ಬದಲಿಸಬೇಕು, ಪ್ಲಾಸ್ಟಿಕ್ ಬಕೆಟಿನ ನೀರು.

ನೀನು ಸೌಖ್ಯ ಅಂದಿದ್ದೀಯ, ಹಾಗಾಗಿ ನನಗೆ ಚಿಂತೆಯಿಲ್ಲ.

ನಾನು ಚೆನ್ನಾಗಿದ್ದೇನೆ. ಊಟ ಸೇರುತ್ತದೆ. ನಿದ್ದೆಯೂ ಬರುತ್ತದೆ.

ದೇವು

*

ಗಂಗೊಳ್ಳಿ
ಜುಲೈ 6, 2024

ದೇವು,

ಕಾಗದ ಬಂತು. ಓದಿದೆ.

ಅಮ್ಮನ ಕೊಡಪಾನವನ್ನು ಅಟ್ಟಕ್ಕೆ ಹಾಕಿದೆ. ಕೆಳಗೆ ಸುಮ್ಮನೆ ಕಾಲಿಗೆ ತಾಗುತ್ತದೆ.

ಇಪ್ಪತ್ಮೂರೂ ಸೌಖ್ಯ.

ಪದ್ದಕ್ಕ

*

ಬ್ರಹ್ಮಾವರ
ಜುಲೈ 14, 2024

ಅಕ್ಕ,

ಇಷ್ಟು ಸಣ್ಣ ಕಾಗದ ಬರೆದದ್ದು ಯಾಕೆ? ಶೆಡ್ಡಿಗೆ ರಜೆ ಇರುವಾಗ ನಿನಗೆ ಹೊತ್ತಿಲ್ಲವೇ? ರತ್ನಳ ಸುದ್ದಿ ಬರೆ. ಕಡಲು ಎಷ್ಟು ಮುಂದೆ ಬಂದಿದೆ, ಬರೆ. ಇಲ್ಲಿಗೆ ಕಡಲಿನ ಸದ್ದು ಕೇಳುವುದಿಲ್ಲ. ಹುಟ್ಟಿದಂದಿನಿಂದ ಕೇಳಿದ ಸದ್ದು ಕಿವಿಯಿಂದ ಹೋದರೆ ಒಂದು ಕಿವಿಯೇ ಹೋದ ಹಾಗಾಗುತ್ತದೆ.

ಗೆರೆಯಜ್ಜಿ ಹೇಗಿದ್ದಾಳೆ? ಅವಳ ಬಗ್ಗೆ ನೀನು ಒಮ್ಮೆಯೂ ಬರೆಯಲಿಲ್ಲ.

ಇದನ್ನು ಗುಡ್ಡನ ಕೈಯಲ್ಲಿ ಬರೆಸುತ್ತಿದ್ದೇನೆ. ನನ್ನ ಬೆರಳಿಗೆ ಬಾಗಿಲು ಬಡಿದು ಸ್ವಲ್ಪ ಊದಿದೆ, ಅಷ್ಟೇ.

ದೇವು

*

ಗಂಗೊಳ್ಳಿ
ಜುಲೈ 28, 2024

ದೇವು,

ಬಾಗಿಲು ಬಡಿದದ್ದಲ್ಲ, ಕೈ ನಡುಗುತ್ತಿದೆ. ನಾನು ನಿನ್ನ ಅಕ್ಕ, ನನಗೆ ಬಾಗಿಲಿನ ಕಥೆ ಬೇಡ. ಹಾಗೆಯೇ ನಾನು ನಿನಗೆ ಹೇಳಿದ್ದೂ ಕಥೆಯೇ. ಇಬ್ಬರೂ ಒಂದೇ ಹೊಟ್ಟೆಯವರು ತಾನೇ.

ಸತ್ತುಹೋದವು ದೇವು. ಹತ್ತೊಂಬತ್ತು.

ಕೊಂದದ್ದು ನಾನೇ. ನೀನು ಒಂದು ದಿನ ನಿಂತ ನೀರು ಅಂದೆ. ನಿಂತ ನೀರೆಂದರೆ ನನ್ನ ತಲೆಗೆ ಬಂದದ್ದು ಅಮ್ಮನ ಕೊಡಪಾನ. ನಿನ್ನ ಜೀವ ಇರುವುದೇ ಆ ತೊಟ್ಟಿಯಲ್ಲಿ, ಅದಕ್ಕೆ ಪ್ಲಾಸ್ಟಿಕ್ ಬಕೆಟಿನ ನೀರು ಹಾಕುವುದೇ, ದೇವರಿಗೆ ಇಡುವಂಥ ನೀರನ್ನೇ ಹಾಕುತ್ತೇನೆ ಎಂದು ಹಾಕಿದೆ. ಕೊಡಪಾನ ಹೊಳೆದಷ್ಟೂ ಮನಸ್ಸು ತುಂಬುತ್ತಿತ್ತು ನನಗೆ. ಜೂನ್ ಹದಿನೆಂಟಕ್ಕೆ ಮೊದಲನೆಯದು ಹೋಯಿತು. ಕಾಯಿಲೆ ಎಂದುಕೊಂಡು, ಮೈ ಹುಷಾರಿಲ್ಲದವರಿಗೆ ಅಮ್ಮ ಕೊಟ್ಟ ಹಾಗೆ ಅದೇ ನೀರನ್ನು ಇನ್ನೂ ಹೆಚ್ಚು ಹಾಕಿದೆ. ನಿನ್ನ ಕಾಗದದಲ್ಲಿ 'ತಾಮ್ರ' ಎಂದು ಓದಿದ ಕೂಡಲೇ ಕೊಡಪಾನವನ್ನು ಅಟ್ಟಕ್ಕೆ ಹಾಕಿದ್ದು.

ಮೊದಲು ಸತ್ತದ್ದನ್ನು ಎತ್ತಿದಾಗ ಏನಾಯಿತು ಗೊತ್ತಾ? ನನ್ನ ಬೆರಳುಗಳು ತಮ್ಮಷ್ಟಕ್ಕೇ ಅದರ ತಲೆ ಮುರಿದುಬಿಟ್ಟವು. ಮೂವತ್ತು ವರ್ಷದ ಅಭ್ಯಾಸ. ಒಂದು ಕೈಯಲ್ಲಿ ತಲೆ, ಒಂದು ಕೈಯಲ್ಲಿ ಮೈ ಹಿಡಿದು ಅಡುಗೆಮನೆಯಲ್ಲಿ ಕೂತು ಅತ್ತೆ. ಶೆಡ್ಡಿನ ಬುಟ್ಟಿಗಟ್ಟಲೆ ಸಿಗಡಿಗೆ ಬಾರದ ಕಣ್ಣೀರು ಉಗುರಿನಷ್ಟು ಸಿಗಡಿಗೆ ಬಂತು.

ಆಮೇಲೆ ಇನ್ನೊಂದು ಕೆಲಸಕ್ಕೆ ಹೊರಟೆ. ಮೊನ್ನೆ ಶುಕ್ರವಾರ ಹೆಮ್ಮಾಡಿ ಸುತ್ತಿ ಕುಂದಾಪುರಕ್ಕೆ ಹೋಗಿ, ನಿನಗೆ ಸಿಗಡಿ ಕೊಡುವ ಪ್ರಖ್ಯಾತನ ಅಂಗಡಿ ಹುಡುಕಿದೆ. ಅವ ಇಪ್ಪತ್ತು ಕೆಂಪು ಸಿಗಡಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೊಟ್ಟ. "ಹೊಸ್ತ್ ಬಿಟ್ ಬಿಡಿ ಅಕ್ಕ, ಎಲ್ಲಾ ಕೆಂಪೇ ಅಲ್ದಾ, ಯಾರಿಗ್ ಗೊತ್ತಾತ್ತ್?" ಎಂದ. ಚೀಲ ಎತ್ತಿ ಹಿಡಿದು ನೋಡಿದೆ. ಒಂದಕ್ಕಾದರೂ ಬೆನ್ನಲ್ಲಿ ಗೆರೆ ಇದೆಯಾ ಎಂದು ಹುಡುಕಿದೆ. ಇರಲಿಲ್ಲ.

ಆಗ ನೆನಪಾಯಿತು. ನೀನು ಕುಡಿದು ಬಿದ್ದ ದಿನವೆಲ್ಲ ಬೋಟಿನ ಭೋಜರಾಜಣ್ಣನಿಗೆ 'ದೇವುಗೆ ಜ್ವರ' ಎಂದು ಹೇಳಿ ಕಳಿಸಿದವಳು ನಾನು. ಪ್ರಫುಲ್ಲಾ ಕೇಳಿದಾಗ 'ಬಂದರಿನಲ್ಲಿ ಬಲೆ ಕೆಲಸ ಇದೆ' ಅಂದವಳೂ ನಾನು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ನಿನ್ನ ಮರ್ಯಾದೆ ಕಾಯುತ್ತಿದ್ದೇನೆ ಎಂದುಕೊಂಡಿದ್ದೆ. ಈಗ ಅನ್ನಿಸುತ್ತದೆ, ಅದೂ ಕೊಡಪಾನದ ನೀರೇ ಆಗಿತ್ತು. ಒಳ್ಳೆಯದೆಂದು ಹಾಕಿದೆ.

ಚೀಲ ವಾಪಸು ಕೊಟ್ಟು ಬರಿಗೈಯಲ್ಲಿ ಬಸ್ಸು ಹತ್ತಿದೆ.

ಈಗ ಕಣ್ಣಿಗೆ ಕಾಣುವುದು ಮೂರು. ಗೆರೆಯಜ್ಜಿ ಸತ್ತದ್ದರಲ್ಲೂ ಇರಲಿಲ್ಲ, ಉಳಿದದ್ದರಲ್ಲೂ ಇಲ್ಲ. ದಿನಾ ಸ್ವಲ್ಪ ಸ್ವಲ್ಪ ನೀರು ಬದಲಿಸುತ್ತಿದ್ದೇನೆ, ಬಕೆಟಿನದ್ದು. ಬೈಯುವುದಾದರೆ ಬೈದು ಬರೆ. ಸುಮ್ಮನೆ ಮಾತ್ರ ಇರಬೇಡ.

ಪದ್ದಕ್ಕ

*

ಗಂಗೊಳ್ಳಿ
ಆಗಸ್ಟ್ 11, 2024

ದೇವು,

ನಾಲ್ಕನೇ ತಾರೀಕು ಬರೆದದ್ದಕ್ಕೂ ಉತ್ತರವಿಲ್ಲ. ಅಲ್ಲಿನ ಆಫೀಸಿಗೆ ಫೋನು ಮಾಡಿದೆ. 'ಇದ್ದಾರೆ' ಎಂದು ಹೇಳಿ ಇಟ್ಟರು. ಇದ್ದಾರೆ ಅಂದರೆ ಹೇಗಿದ್ದಾರೆ ಎಂದು ಕೇಳಲು ಬಿಡಲಿಲ್ಲ.

ಬೋಟುಗಳು ಕಡಲಿಗೆ ಇಳಿದವು. ಶೆಡ್ಡು ತೆರೆಯಿತು. ಬೆಳಕು ಹರಿಯುವ ಮುಂಚೆ ಹೋದರೆ ಮಧ್ಯಾಹ್ನದ ಮೇಲೆ ಬರುತ್ತೇನೆ. ಸುತ್ತ ನಲವತ್ತು ಹೆಂಗಸರು ಮಾತನಾಡುತ್ತಿರುತ್ತಾರೆ, ನನಗೆ ಬೇಡವಾಗಿದೆ. ಮೊದಲಿನ ವೇಗವೂ ಇಲ್ಲ. ಪ್ರತಿಯೊಂದರ ಬೆನ್ನು ನೋಡುತ್ತೇನೆ.

ನಿನಗೆ ಬೇಕೋ ಬೇಡವೋ, ಒಂದು ಸುದ್ದಿ. ಗೆರೆಯಜ್ಜಿ ಇದ್ದಾಳೆ! ಎರಡು ವಾರ ಪಾಚಿಯ ಗೊಂಡೆಯೊಳಗೆ ಕೂತಿದ್ದಳು, ಮೊನ್ನೆ ಹೊರಗೆ ಬಂದಳು. ನಾನು ಕೂಗಿದ್ದಕ್ಕೆ ರತ್ನ ಓಡಿ ಬಂದಳು. ಆದರೆ ಖುಷಿ ಪೂರ್ತಿಯಾಗಲಿಲ್ಲ. ಅವಳ ಹೊಟ್ಟೆಯಡಿ, ಈಜುವ ಕಾಲುಗಳ ನಡುವೆ, ಹಸಿರಾಗಿ ಏನೋ ಗೊಂಚಲು ಹಿಡಿದಿದೆ. ಹಾವಸೆಯ ಹಾಗೆ. ರತ್ನ ಮೊಟ್ಟೆಯಿರಬಹುದು ಅಂದಳು. ಸುಮ್ಮನಿರು ಅಂದೆ. ಸಿಗಡಿಯ ಮೊಟ್ಟೆ ಎಲ್ಲಿರುತ್ತದೆಂದು ನನಗೆ ತಿಳಿಯದೇ? ಬೆನ್ನೊಳಗೆ, ತಲೆಯಿಂದ ಬಾಲಕ್ಕೆ. ಎಷ್ಟು ಸಾವಿರ ಬಿಡಿಸಿದ್ದೇನೆ, ಒಂದೇ ಒಂದಕ್ಕೂ ಹೊಟ್ಟೆಯ ಹೊರಗೆ ಮೊಟ್ಟೆ ಅಂಟಿದ್ದು ಕಂಡಿಲ್ಲ. ಇದು ಕಾಯಿಲೆಯೇ.

ಪ್ರಖ್ಯಾತನಿಗೆ ಫೋನು ಮಾಡಿ ಕಾಯಿಲೆ ಹೀಗಿದೆ ಎಂದೆ. "ಹಸ್ರು ಹಾವ್ಸಿ ರೋಗ ಆಯ್ಕ್ ಅಕ್ಕ. ಒಂದ್ ಲೋಟ ನೀರಿಗೆ ಒಂದ್ ಚಮ್ಚ ಉಪ್ಪ್ ಹಾಕಿ, ಅರ್ಧ ನಿಮ್ಷ ಅದ್ದಿ ತೆಗಿನಿ. ಹೋಯ್ಲಿಲ್ಲ ಅಂದ್ರೆ ಅದನ್ನೇ ತೆಗ್ದ್ ಬಿಡಿ, ಒಳ್ದದ್ದಕ್ಕೂ ಅಂಟತ್ತ್" ಎಂದ.

ನಾಳೆ ಶೆಡ್ಡಿನಿಂದ ಬಂದು ಉಪ್ಪಿಗೆ ಹಾಕುತ್ತೇನೆ. ಈ ಸಲವಾದರೂ ನಾನು ಹೊತ್ತಿಗೆ ಸರಿಯಾಗಿ ಮದ್ದು ಮಾಡಬೇಕು.

ಪದ್ದಕ್ಕ

*

ಬ್ರಹ್ಮಾವರ
ಆಗಸ್ಟ್ 14, 2024, ಬುಧವಾರ

ಅಕ್ಕ,

ಬೈಯಬೇಕೆಂದು ಅನ್ನಿಸಲೇ ಇಲ್ಲ. ಎರಡು ವಾರ ಕಾಗದ ಬರೆಯಲು ನನಗೆ ಬಿಡಲಿಲ್ಲ. ಕಾರಣ ಹೇಳುತ್ತೇನೆ.

ಇಪ್ಪತ್ಮೂರೂ ಸೌಖ್ಯವಲ್ಲ ಎಂದು ನನಗೆ ಜೂನ್‌ನಲ್ಲೇ ಗೊತ್ತಿತ್ತು. ಸಿಗಡಿ ಸಾಕಿದವನಿಗೆ ತಿಳಿದಿರುತ್ತದೆ, ಎಣಿಸಿದಾಗಲೆಲ್ಲ ಲೆಕ್ಕ ತಪ್ಪುತ್ತದೆ. ಒಂದು ಎಲೆಯಡಿ ಇರುತ್ತದೆ, ಎರಡು ಪಾಚಿಯೊಳಗೆ, ಒಂದನ್ನು ಎರಡು ಸಲ ಎಣಿಸಿರುತ್ತೇವೆ. ನಾನು ಹೇಳಿದ ಇಪ್ಪತ್ಮೂರೂ ಅಂದಾಜು. ನಿನ್ನ ಲೆಕ್ಕ ಮಾತ್ರ ಒಮ್ಮೆಯೂ ತಪ್ಪಲಿಲ್ಲ. ಆದರೂ ನಾನು ಕೇಳಲಿಲ್ಲ. ಕೇಳಿದರೆ ನೀನು ನಿಜ ಹೇಳಿಬಿಡುತ್ತೀಯಲ್ಲ ಎಂಬ ಹೆದರಿಕೆ. ಕೊಡಪಾನದ ಸುದ್ದಿಯೂ ನಿನ್ನ ಮೊದಲ ಕಾಗದದಲ್ಲೇ ಇತ್ತು. ಅಮ್ಮನ ನೆನಪಾಗಿ ನಕ್ಕು ಮಡಚಿಟ್ಟೆ. ಅವತ್ತೇ ತಲೆಗೆ ಹೊಳೆದಿದ್ದರೆ ಒಂದೂ ಸಾಯುತ್ತಿರಲಿಲ್ಲ. ಹಾಗಾಗಿ ಪೂರ್ತಿ ತಪ್ಪನ್ನು ನೀನೊಬ್ಬಳೇ ಹೊತ್ತುಕೊಳ್ಳಬೇಡ.

ನಿನ್ನ ಇಪ್ಪತ್ತೆಂಟರ ಕಾಗದ ಸಿಕ್ಕಿದ ಮರುದಿನ ಬೆಳಿಗ್ಗೆ ನಾನು ಗೋಡೆ ಹಾರಿದೆ. ಕುಡಿಯಲಿಕ್ಕಲ್ಲ. ಕುಂದಾಪುರಕ್ಕೆ ಹೋಗಿ ಪ್ರಖ್ಯಾತನ ಹತ್ತಿರ ಇಪ್ಪತ್ತು ಸಿಗಡಿ ತೆಗೆದುಕೊಂಡು, ನೀನು ಬೈಂದೂರಿನವರ ಹತ್ತಿರ ಬಾಯಿ ಬಿಡುವ ಮುಂಚೆ ತೊಟ್ಟಿಗೆ ಹಾಕಬೇಕೆಂದು. ಬ್ರಹ್ಮಾವರ ಬಸ್‌ಸ್ಟಾಂಡಿನಲ್ಲಿ ಕೂತು ನಿನ್ನ ಕಾಗದ ಮತ್ತೆ ಓದಿದೆ. ನೀನು ಚೀಲ ವಾಪಸು ಕೊಟ್ಟೆ ಎಂದು ಬರೆದ ಸಾಲಿಗೆ ಬಂದು ನಿಂತೆ.

ನಿನಗೆ ಗೊತ್ತಿಲ್ಲದ್ದು ಒಂದಿದೆ. ಕಳೆದ ದೀಪಾವಳಿಗೆ ನಾನು ಮೂರು ದಿನ ಎಚ್ಚರವಿಲ್ಲದೆ ಬಿದ್ದಿದ್ದಾಗ ತೊಟ್ಟಿಯ ಮೋಟಾರು ನಿಂತು ಶ್ರಾವ್ಯಳ ಮೊದಲ ಸಿಗಡಿಗಳೆಲ್ಲ ಸತ್ತಿದ್ದವು. ನಾನು ಅವಳು ಶಾಲೆಯಿಂದ ಬರುವುದರೊಳಗೆ ಹೊಸತು ತಂದು ಬಿಟ್ಟೆ. ಅವಳು ಗಾಜಿಗೆ ಮೂಗು ಒತ್ತಿ ನೋಡಿ, "ಅಪ್ಪ, ಇದ್ ನಮ್ದಲ್ಲ" ಎಂದಳು. ನಿನ್ನದೇ ಮಗಾ ಎಂದು ನಾನು ತಲೆ ಮುಟ್ಟಿ ಆಣೆ ಹಾಕಿದೆ. ಅವಳ ತಲೆ ಮುಟ್ಟಿ. ಪ್ರಫುಲ್ಲಾ ಬಾಗಿಲಲ್ಲಿ ನಿಂತಿದ್ದಳು. ಕುಡಿತವನ್ನು ಹದಿಮೂರು ವರ್ಷ ಸಹಿಸಿದವಳು ಆ ವಾರವೇ ಬೈಂದೂರಿಗೆ ಹೋದಳು.

ಬಸ್‌ಸ್ಟಾಂಡಿನ ಎದುರಿಗೇ ಬಾರ್ ಇತ್ತು. ಎದ್ದು ನಡೆದು ಇಲ್ಲಿಗೇ ವಾಪಸು ಬಂದೆ. ಕುಡಿದಿರಲಿಲ್ಲ. ನೀನು ನಂಬಲೇಬೇಕೆಂದು ನಾನು ಹೇಳುವುದಿಲ್ಲ. ಇಲ್ಲಿಯವರು ನಂಬಲಿಲ್ಲ. ಮೂವತ್ತು ದಿನ ಹೆಚ್ಚು ಹಾಕಿದ್ದಾರೆ. ಚೌತಿಗೆ ನಾನು ಮನೆಯಲ್ಲಿರುವುದಿಲ್ಲ ಅಕ್ಕ. ಶ್ರಾವ್ಯ ಬಂದರೆ, ಎಷ್ಟು ಸತ್ತವು, ಯಾಕೆ ಸತ್ತವು, ಎಲ್ಲ ಹೇಳು. ನಾನು ಗೋಡೆ ಹಾರಿದ್ದನ್ನೂ ಹೇಳು.

ಕೈ ಇನ್ನೂ ನಡುಗುತ್ತದೆ. ಆದರೂ ಇದನ್ನು ನಾನೇ ಬರೆದಿದ್ದೇನೆ, ಅಕ್ಷರ ನೋಡಿದರೆ ತಿಳಿಯುತ್ತದೆ.

ಮುಗಿಸುವಷ್ಟರಲ್ಲಿ ನಿನ್ನ ಹನ್ನೊಂದರ ಕಾಗದ ಕೈಗೆ ಬಂತು. ಅಕ್ಕ, ಉಪ್ಪು ಹಾಕಬೇಡ! ನೀನು ಬಿಡಿಸುವುದು ಕಡಲಿನ ಸಿಗಡಿ, ಅದು ಮೊಟ್ಟೆಯನ್ನು ನೀರಿಗೆ ಬಿಟ್ಟು ಹೋಗುತ್ತದೆ. ಇದು ಸಿಹಿನೀರಿನದ್ದು, ಹೊಟ್ಟೆಯಡಿ ಕಟ್ಟಿಕೊಂಡು ತಿರುಗುತ್ತದೆ. ಹಸಿರು ರೋಗವೂ ಹಾಗೇ ಕಾಣುತ್ತದೆ, ಆದರೆ ಅದು ನೂಲುನೂಲು. ದುಂಡಗೆ ಮಣಿಮಣಿಯಾಗಿದ್ದು, ಅಜ್ಜಿ ಕಾಲಿನಿಂದ ಗಾಳಿ ಬೀಸುತ್ತಿದ್ದರೆ ಅದು ಮೊಟ್ಟೆ. ಆಫೀಸಿನವರ ಕಾಲು ಹಿಡಿದು ಒಂದು ಫೋನು ಮಾಡಿಸಿದೆ, ನೀನು ಎತ್ತಲಿಲ್ಲ. ಶೆಡ್ಡಿನಲ್ಲಿರುತ್ತೀಯ. ನಾಳೆ ಹದಿನೈದು, ಅಂಚೆಗೂ ರಜೆ. 'ನಾಳೆ ಹಾಕುತ್ತೇನೆ' ಎಂದು ಬರೆದಿದ್ದೀಯ. ಆ ನಾಳೆ ಮುಗಿದು ಎರಡು ದಿನವಾಯಿತು.

ದೇವು

*

ಗಂಗೊಳ್ಳಿ
ಆಗಸ್ಟ್ 22, 2024

ದೇವು,

ನಿನ್ನ ಕಾಗದ ಶನಿವಾರ ಬಂತು. ಅಷ್ಟರಲ್ಲಿ ಉಪ್ಪು ಹಾಕಿ ಐದು ದಿನವಾಗಿತ್ತು.

ಕೂಡಲೇ ಬರೆಯಲಿಲ್ಲ. ಮುಂದೇನಾಗುತ್ತದೆ ಎಂದು ತಿಳಿಯದೆ ಸೌಖ್ಯ ಎಂದು ಬರೆಯುವ ಕೆಲಸ ನಾನು ಬಿಟ್ಟಿದ್ದೇನೆ.

ಸೋಮವಾರ ಶೆಡ್ಡಿನಿಂದ ಬಂದವಳು ಕೈ ತೊಳೆದು, ಬಟ್ಟಲಿನಲ್ಲಿ ಉಪ್ಪು ಕರಗಿಸಿ, ಗೆರೆಯಜ್ಜಿಯನ್ನು ಸಣ್ಣ ಬಲೆಯಲ್ಲಿ ಹಿಡಿದು ಅದ್ದಿದೆ. ಒಂದು, ಎರಡು ಎಂದು ಎಣಿಸಿದೆ. ಅವಳು ಮೈ ಬಿಲ್ಲಿನ ಹಾಗೆ ಬಗ್ಗಿಸಿದಳು. ಬಲೆಯಿಂದ ಹಾರುತ್ತಾಳೆ ಎಂದುಕೊಂಡೆ, ಹಾರಲಿಲ್ಲ. ಆ ಹಸಿರಿನ ಸುತ್ತ ಕಾಲು ಮುಚ್ಚಿ, ಬೀಸತೊಡಗಿದಳು. ಉಪ್ಪು ಅವಳ ಮೈ ಸುಡುತ್ತಿರಬೇಕು, ಆದರೂ ಬೀಸುತ್ತಿದ್ದಳು. ಕಾಯಿಲೆಗೆ ಯಾರಾದರೂ ಗಾಳಿ ಬೀಸುತ್ತಾರೆಯೇ? ಎಂಟಕ್ಕೆ ಎತ್ತಿ ತೊಟ್ಟಿಗೆ ಬಿಟ್ಟುಬಿಟ್ಟೆ.

ಬಟ್ಟಲಿನ ಅಡಿಯಲ್ಲಿ ನಾಲ್ಕು ಹಸಿರು ಮಣಿ ಉದುರಿದ್ದವು. ಅಂಗೈಗೆ ಹಾಕಿ ಬಾಗಿಲ ಬೆಳಕಿಗೆ ಹಿಡಿದೆ. ಸಿಗಡಿಯಲ್ಲಿ ಕೂದಲಿನಷ್ಟು ನರ ಹುಡುಕಿ ತೆಗೆದ ಕಣ್ಣು ನನ್ನದು. ಪ್ರತಿ ಮಣಿಯೊಳಗೆ ಎರಡು ಕಪ್ಪು ಚುಕ್ಕೆ ಕಂಡವು. ಕಣ್ಣುಗಳು ದೇವು. ಹುಟ್ಟುವ ಮುಂಚೆಯೇ ಅವು ನನ್ನನ್ನು ನೋಡುತ್ತಿದ್ದವು. ಆ ನಾಲ್ಕೂ ಉಳಿಯಲಿಲ್ಲ. ಅದನ್ನೂ ಲೆಕ್ಕಕ್ಕೆ ಸೇರಿಸಿಕೋ.

ರತ್ನ ಹೇಳಿದ್ದೇ ಸರಿ. ಅವಳಿಗೆ ಇನ್ನೂ ಹೇಳಿಲ್ಲ, ಹೇಳಿದರೆ ಸಾಯುವವರೆಗೂ ಬಾಣಂತನ ಎಂದು ಆಡಿಕೊಳ್ಳುತ್ತಾಳೆ.

ನಿನ್ನ ಕಾಗದ ಓದಿದ ಮೇಲೆ ಬೈಂದೂರಿಗೆ ಫೋನು ಮಾಡಿದೆ. ಶ್ರಾವ್ಯಳೇ ಎತ್ತಿದಳು. ಹತ್ತೊಂಬತ್ತು ಸತ್ತವು ಮಗಾ, ನಾನೇ ಕೊಂದದ್ದು, ತಾಮ್ರದ ನೀರು ಹಾಕಿ ಎಂದೆ. ಆಮೇಲೆ ಕೇಳಿದಳು, "ಅತ್ತೆ, ಗೆರಿಯಜ್ಜಿ ಇತ್ತಾ?" ಇದ್ದಾಳೆ ಎಂದೆ. "ನಿಜ ಹೇಳ್ತ್ರಿಯಾ?" ಎಂದಳು. ಒಂಬತ್ತು ವರ್ಷದ ಮಗುವಿಗೆ ನಾವು ಕಲಿಸಿದ ಪ್ರಶ್ನೆ ನೋಡು ಅದು. ನೀನು ಗೋಡೆ ಹಾರಿದ್ದು, ವಾಪಸು ಹೋದದ್ದು, ಚೌತಿಗೆ ಬರುವುದಿಲ್ಲ ಎಂದದ್ದು, ಎಲ್ಲ ಹೇಳಿದೆ.

ಫೋನು ಪ್ರಫುಲ್ಲಾಳ ಕೈಗೆ ಹೋಯಿತು. "ಅತ್ತಿಗೆ, ನೀವಾಯಿ ನಿಜ ಹೇಳಿದ್ದ್ ಇದೇ ಮೊದ್ಲ್ ಅಲ್ದಾ" ಎಂದಳು. ಚುಚ್ಚಿತು. ಹೌದು ಎಂದೆ. ಚೌತಿಗೆ ಬರುತ್ತೀರಾ ಎಂದು ಕೇಳಿದೆ. "ಕಾಂಬ" ಎಂದಳು. ನೋಡೋಣ ಎಂದಷ್ಟೇ ಅಂದದ್ದು, ನಾನು ಅದಕ್ಕೆ ಒಂದು ಅಕ್ಷರವನ್ನೂ ಸೇರಿಸಿ ಬರೆಯುತ್ತಿಲ್ಲ. ಬರದಿದ್ದರೆ ಚೌತಿಯ ಕಡುಬು ನಾನೊಬ್ಬಳೇ ತೊಟ್ಟಿಯ ಎದುರು ಕೂತು ತಿನ್ನುತ್ತೇನೆ.

ನೀನು ಕುಡಿಯದೆ ವಾಪಸು ಹೋದೆ ಎಂದು ಬರೆದಿದ್ದೀಯ. ನಂಬಿದ್ದೇನೆ. ನಿನ್ನ ಸೊಟ್ಟ ಅಕ್ಷರ ನೋಡಿ ನಂಬಿದೆ. ಮುಂದಿನದ್ದನ್ನೂ ನೀನೇ ಬರೆ, ಗುಡ್ಡನಿಗೆ ಕೊಡಬೇಡ.

ಕೊನೆಗೆ ಇದು. ಇವತ್ತು ಶೆಡ್ಡಿನಿಂದ ಬಂದು ನೋಡಿದರೆ ಅಜ್ಜಿಯ ಹೊಟ್ಟೆಯಡಿ ಖಾಲಿ. ಗಾಜಿಗೆ ಮೂಗು ಒತ್ತಿ ಹುಡುಕಿದೆ. ಬಾದಾಮಿ ಎಲೆಯ ಮೇಲೆ ಅಕ್ಕಿನುಚ್ಚಿನಷ್ಟು ಒಂದು ಮರಿ ಕೂತು, ದೊಡ್ಡವರ ಹಾಗೆಯೇ ಕೈಯಲ್ಲಿ ಮುಖ ಒರೆಸುತ್ತಿತ್ತು. ಮತ್ತೆ ಪಾಚಿಯಲ್ಲಿ ಎರಡು, ಗಾಜಿನ ಮೂಲೆಯಲ್ಲಿ ಇನ್ನೊಂದು.

ಎಷ್ಟಿವೆ ಎಂದು ನೀನು ಕೇಳುತ್ತೀಯ. ಮೂರು ಸಲ ಎಣಿಸಿದೆ. ಒಮ್ಮೆ ಹದಿನಾಲ್ಕು ಬಂತು, ಒಮ್ಮೆ ಹನ್ನೊಂದು, ಮತ್ತೊಮ್ಮೆ ಹದಿನಾರು. ಲೆಕ್ಕ ತಪ್ಪುತ್ತಿದೆ ದೇವು.

ಪದ್ದಕ್ಕ